ತಳ್ಳಿದರೆ ಹಿಂದಕ್ಕೆ ಬಂದ ಅಕ್ಕಿ ಮೂಟೆ

ಮೊದಲ ಪಿಯುಸಿಯಲ್ಲಿ ಘರ್ಷಣೆಯ ಲೆಕ್ಕ ಸಿಕ್ಕರೆ ನಾನು ಯೋಚಿಸದೆ ಬರೆಯುತ್ತಿದ್ದ ಸಾಲು ಒಂದೇ: ಘರ್ಷಣೆ = ಮ್ಯೂ × ಎಂಜಿ. ಮ್ಯೂ ಅಂದರೆ ಘರ್ಷಣಾಂಕ, ಎರಡು ಮೇಲ್ಮೈಗಳ ನಡುವೆ ಹಿಡಿತ ಎಷ್ಟು ಅಂತ ಹೇಳುವ ಸಂಖ್ಯೆ. ಎಂಜಿ ಅಂದರೆ ವಸ್ತುವಿನ ತೂಕ, ದ್ರವ್ಯರಾಶಿ (ಎಂ) × ಗುರುತ್ವ (ಜಿ).

ಒಂದು ಲೆಕ್ಕ ಇನ್ನೂ ನೆನಪಿದೆ. 50 ಕೆಜಿ ಅಕ್ಕಿ ಮೂಟೆ. ಅಡ್ಡಕ್ಕೆ 150 ನ್ಯೂಟನ್ ಬಲದಿಂದ ತಳ್ಳಬೇಕು. ಸ್ಥಿರ ಘರ್ಷಣಾಂಕ, ಅಂದರೆ ವಸ್ತು ನಿಂತಿರುವಾಗಿನದು, 0.5. ಜಿ ಬೆಲೆ 10 ಅಂತ ಇಟ್ಟುಕೊಂಡೆ, ಘರ್ಷಣೆ 250 ನ್ಯೂಟನ್ ಬಂತು. 150ರಲ್ಲಿ 250 ಕಳೆದು 50ರಿಂದ ಭಾಗಿಸಿದೆ. ವೇಗೋತ್ಕರ್ಷ ಮೈನಸ್ 2! ಅಂದರೆ ಮುಂದಕ್ಕೆ ತಳ್ಳಿದರೆ ಮೂಟೆ ನನ್ನ ಕಡೆಗೇ ಬರಬೇಕು. ಮನೆಯಲ್ಲಿ ಎಷ್ಟೋ ಸಲ ಮೂಟೆ ಸರಿಸಿದ್ದೇನೆ. ಹಾಗಾಗಲ್ಲ ಅಲ್ವಾ?

ತಪ್ಪು ಎಲ್ಲಿದೆ ಅಂತ ತಿಳಿಯಲು ಎರಡು ದಿನ ಬೇಕಾಯಿತು. 250 ಅನ್ನೋದು ಘರ್ಷಣೆ ಮುಟ್ಟಬಹುದಾದ ಗರಿಷ್ಠ ಮಿತಿ. ಮೂಟೆ ನಿಂತಿರುವ ತನಕ ನಾವು ಎಷ್ಟು ತಳ್ಳುತ್ತೇವೋ ಅಷ್ಟೇ ಘರ್ಷಣೆ ಎದುರು ನಿಲ್ಲುತ್ತದೆ. 150ಕ್ಕೆ 150. ವೇಗೋತ್ಕರ್ಷ ಸೊನ್ನೆ.

ಈಗ ನಾನು ಮಕ್ಕಳಿಗೆ ಪಾಠ ಹೇಳುವಾಗ ಮೊದಲು ಚಿತ್ರ, ಆಮೇಲೆ ಮೇಲೆ-ಕೆಳಗಿನ ಬಲಗಳ ಸಮೀಕರಣ. ಅದರಿಂದ ನಾರ್ಮಲ್ ಬಲ, ಅಂದರೆ ನೆಲ ಮೂಟೆಯನ್ನು ಮೇಲಕ್ಕೆ ಒತ್ತುವ ಬಲ, ಸಿಗುತ್ತದೆ. ಘರ್ಷಣೆಯ ಮಿತಿ ಮ್ಯೂ × ನಾರ್ಮಲ್ ಬಲ. ಅದು ಸಿಗದೆ ಮ್ಯೂ ಮುಟ್ಟಲು ಬಿಡುವುದಿಲ್ಲ. ಇಷ್ಟು ಹಟ ಯಾಕೆ ಅಂದರೆ, ಅದೇ ಮೂಟೆಗೆ ಹಗ್ಗ ಕಟ್ಟಿ 37 ಡಿಗ್ರಿ ಮೇಲಕ್ಕೆ ಓರೆಯಾಗಿ 250 ನ್ಯೂಟನ್ ಬಲದಿಂದ ಎಳೆಯಿರಿ. ಅಡ್ಡಕ್ಕೆ 200, ಮೇಲಕ್ಕೆ 150. ಹಗ್ಗ ಮೂಟೆಯನ್ನು ಸ್ವಲ್ಪ ಎತ್ತಿ ಹಿಡಿದಿರುವುದರಿಂದ ನಾರ್ಮಲ್ ಬಲ 500 ಅಲ್ಲ, 350. ಘರ್ಷಣೆಯ ಮಿತಿ 175ಕ್ಕೆ ಇಳಿಯಿತು. 200 ಜಾಸ್ತಿ, ಮೂಟೆ ಹೊರಡುತ್ತದೆ. ಸುಮ್ನೆ ಎಂಜಿ ಹಾಕಿದ್ದರೆ ಮಿತಿ 250 ಆಗಿ, ಹೊರಡಲ್ಲ ಅಂತ ಬರೆಯುತ್ತಿದ್ದೆವು. ಪೂರ್ತಿ ಉಲ್ಟಾ ಉತ್ತರ.

ಹೊರಟ ಮೇಲೆ ಜಾರು ಘರ್ಷಣೆಯ ಲೆಕ್ಕ. ಅದರ ಘರ್ಷಣಾಂಕ 0.4 ಆದರೆ 0.4 × 350 = 140 ನ್ಯೂಟನ್. ಉಳಿದ ಬಲ 60. ನ್ಯೂಟನ್ನನ ಎರಡನೇ ನಿಯಮ (ಬಲ = ದ್ರವ್ಯರಾಶಿ × ವೇಗೋತ್ಕರ್ಷ) ಇಲ್ಲಿಗೆ ಬರಬೇಕು, ಅದಕ್ಕಿಂತ ಮೊದಲಲ್ಲ: 60ನ್ನು 50ರಿಂದ ಭಾಗಿಸಿದರೆ 1.2 ಮೀ/ಸೆ².

ಇಳಿಜಾರಿನ ಲೆಕ್ಕಕ್ಕೂ ಇದೇ ದಾರಿ, ಅಕ್ಷಗಳನ್ನು ಇಳಿಜಾರಿನ ಜೊತೆ ಓರೆ ಮಾಡಿಕೊಂಡರೆ ಆಯಿತು.

ಮಕ್ಕಳಿಗೆ ಕೊನೆಗೆ ಇನ್ನೊಂದು ಲೆಕ್ಕ ಕೊಡುತ್ತೇನೆ. ಅದೇ 250 ನ್ಯೂಟನ್, ಅದೇ 37 ಡಿಗ್ರಿ, ಆದರೆ ಹಿಂದಿನಿಂದ ಕೆಳಮುಖವಾಗಿ ತಳ್ಳುವುದು. ನಾರ್ಮಲ್ ಬಲ 650, ಮಿತಿ 325. ಅಡ್ಡಕ್ಕೆ ಇರುವುದು 200 ಮಾತ್ರ. ಎಳೆದಾಗ ಓಡಿದ ಮೂಟೆ ಈಗ ಕೂತ ಜಾಗ ಬಿಟ್ಟು ಏಳುವುದಿಲ್ಲ.