ಬೋಲ್ಟು ಸಡಿಲಿಸುವ ಮುಂಚೆ: ಎಂಜಿನ್ ರಿಪೇರಿಗೆ ಸಾಮಾನು ಜೋಡಿಸಿಕೊಳ್ಳುವುದು ಹೇಗೆ?

ಮನೆಯಲ್ಲಿ ಶುರು ಮಾಡಿದ ಎಂಜಿನ್ ರಿಪೇರಿ ಅರ್ಧಕ್ಕೆ ನಿಂತರೆ ಕಾರಣ ಸಾಮಾನ್ಯವಾಗಿ ತೀರಾ ಸಣ್ಣದಾಗಿರುತ್ತದೆ. ತಾಮ್ರದ ಒಂದು ವಾಷರ್ ಇಲ್ಲ. ಯಾವುದೋ ಬೋಲ್ಟಿನ ತಲೆ ನಕ್ಷತ್ರದ ಆಕಾರದ್ದು, ಅದಕ್ಕೆ ಕೂರುವ ಸಾಕೆಟ್ ಪೆಟ್ಟಿಗೆಯಲ್ಲಿಲ್ಲ. ಅಂಗಡಿಗೆ ಹೋಗಿ ತರೋಣ ಎಂದರೆ ಹೋಗುವುದಕ್ಕೆ ಬೇಕಾದ ಕಾರೇ ಬಿಚ್ಚಿಕೊಂಡು ಬಿದ್ದಿದೆ.

ಇದನ್ನು ತಪ್ಪಿಸಬೇಕಾದರೆ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮೊದಲೇ ಇಡೀ ಕೆಲಸವನ್ನು ಕಾಗದದ ಮೇಲೆ ಒಂದು ಸಲ ಮಾಡಿ ಮುಗಿಸಬೇಕು. ಇಲ್ಲಿ ಉದಾಹರಣೆಗೆ ಹೆಡ್ ಗ್ಯಾಸ್ಕೆಟ್ ಬದಲಿಸುವ ಕೆಲಸ ತೆಗೆದುಕೊಂಡಿದ್ದೇನೆ. ಸಿಲಿಂಡರ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಸೋರಿಕೆ ತಡೆಯಲು ಇರುವ ತೆಳು ಹಾಳೆ ಅದು. ಹಾಳೆ ತೆಳುವಾದರೂ ಅಲ್ಲಿಗೆ ಕೈ ಹೋಗಬೇಕಾದರೆ ಎಂಜಿನ್ನಿನ ಮೇಲ್ಭಾಗ ಪೂರ್ತಿ ಬಿಚ್ಚಬೇಕು. ವಾಲ್ವ್ ಕವರ್ (ಹೆಡ್ಡಿನ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಬದಲಿಸುವಂಥ ಚಿಕ್ಕ ಕೆಲಸಕ್ಕೂ ಕ್ರಮ ಇದೇ, ಪಟ್ಟಿ ಮಾತ್ರ ಗಿಡ್ಡ. ಎಂಜಿನ್ ಮುಟ್ಟುತ್ತಿರುವುದು ಇದೇ ಮೊದಲಾದರೆ ಆ ಚಿಕ್ಕ ಕೆಲಸದಿಂದಲೇ ಶುರು ಮಾಡಿ.

1. ರೋಗ ಯಾವುದೆಂದು ಖಚಿತವಾಗಲಿ

ಎಂಜಿನ್ ಮಿತಿಮೀರಿ ಬಿಸಿಯಾಗುತ್ತಿದೆ ಎಂದ ತಕ್ಷಣ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಮಾನಿಸುವವರು ಜಾಸ್ತಿ. ಕೂಲಂಟಿನ (ಎಂಜಿನ್ ತಂಪಾಗಿಡುವ ದ್ರವ) ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಸಿಕ್ಕಿಹಾಕಿಕೊಂಡಿದ್ದರೂ, ರೇಡಿಯೇಟರ್ ಫ್ಯಾನ್ ತಿರುಗದಿದ್ದರೂ, ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿಯದಿದ್ದರೂ ಎಂಜಿನ್ ಕಾಯುತ್ತದೆ. ಎಣ್ಣೆ ತುಂಬುವ ಮುಚ್ಚಳದ ಒಳಗೆ ಹಾಲು ಬೆರೆತಂಥ ಕೆನೆ ಕಂಡರೂ ಗಾಬರಿ ಬೇಡ. ಚಳಿಯಲ್ಲಿ ಬರೀ ಹತ್ತಿರದ ಓಡಾಟ ಮಾಡುವ ಕಾರಿನಲ್ಲಿ ತೇವಾಂಶದಿಂದಲೂ ಅದು ಕೂರುತ್ತದೆ.

ಖಚಿತ ಮಾಡಿಕೊಳ್ಳಲು ಎರಡು ಪರೀಕ್ಷೆ ಸಾಕು. ಒಂದರಲ್ಲಿ ನೀಲಿ ದ್ರವ ತುಂಬಿದ ಕೊಳವೆಯನ್ನು ರೇಡಿಯೇಟರಿನ ಅಥವಾ ಕೂಲಂಟ್ ಟ್ಯಾಂಕಿನ ಬಾಯಿಗೆ ಇಟ್ಟು ಅಲ್ಲಿನ ಗಾಳಿಯನ್ನು ಎಳೆಯುತ್ತಾರೆ. ಉರಿದ ಅನಿಲ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ಹಳದಿಯಾಗುತ್ತದೆ. ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗಲೇ ತೆಗೆದಿರಬೇಕು, ಬಿಸಿಯಲ್ಲಿ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ. ಇನ್ನೊಂದು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು. ಪಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕಡಿಮೆ ಬಂದರೆ ಅವೆರಡರ ನಡುವೆ ಗ್ಯಾಸ್ಕೆಟ್ ಹರಿದಿರುವ ಅನುಮಾನ ಗಟ್ಟಿಯಾಗುತ್ತದೆ. ಈ ಉಪಕರಣಗಳನ್ನು ಕೊಳ್ಳಲೇಬೇಕೆಂದಿಲ್ಲ, ಎರವಲು ತಂದರೂ ನಡೆಯುತ್ತದೆ.

2. ಕಾರಿನ ಜಾತಕ ಬರೆದುಕೊಳ್ಳಿ

ಒಂದೇ ಹೆಸರಿನ, ಒಂದೇ ವರ್ಷದ ಎರಡು ಕಾರುಗಳಲ್ಲಿ ಬೇರೆ ಬೇರೆ ಎಂಜಿನ್ ಇರಬಹುದು. ಹಾಗಾಗಿ ಮಾಡೆಲ್ ಹೆಸರು ಹೇಳಿ ಗ್ಯಾಸ್ಕೆಟ್ ಕೇಳುವುದು ಅಂದಾಜಿನ ವ್ಯಾಪಾರ. ಬೇಕಾದದ್ದು 17 ಅಕ್ಷರ-ಅಂಕಿಗಳ ಚಾಸಿ ನಂಬರು ಮತ್ತು ಬ್ಲಾಕಿನ ಮೇಲೆ ಕೊರೆದಿರುವ ಎಂಜಿನ್ ನಂಬರು. ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ. ಹಾಗೆ ಕಂಡರೆ ಅದು ಒಂದು ಅಥವಾ ಸೊನ್ನೆ. ಕೈಯಲ್ಲಿ ಬರೆದುಕೊಂಡರೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಆಮೇಲೆ ನಿಮ್ಮ ಎಂಜಿನ್ನಿಗೇ ಬರೆದ ಸರ್ವಿಸ್ ಮ್ಯಾನುಯಲ್ ಹುಡುಕಿ. ಕಾರಿನ ಜೊತೆ ಬರುವ ಪುಸ್ತಕ ಇದಕ್ಕೆ ಸಾಲದು. ಯಾವುದನ್ನು ಯಾವುದರ ನಂತರ ಬಿಚ್ಚಬೇಕು, ಯಾವ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು, ಒಮ್ಮೆ ತೆಗೆದ ಮೇಲೆ ಮತ್ತೆ ಹಾಕಬಾರದ ಭಾಗ ಯಾವುದು ಎಂಬ ಮೂರೂ ಸಂಗತಿ ಸರ್ವಿಸ್ ಮ್ಯಾನುಯಲ್ಲಿನಲ್ಲಿ ಇರುತ್ತವೆ. ಮ್ಯಾನುಯಲ್ ಸಿಗದಿದ್ದರೆ ನನ್ನ ಸಲಹೆ ಸರಳ: ಹೆಡ್ ಬಿಚ್ಚುವ ಕೆಲಸಕ್ಕೆ ಇಳಿಯಬೇಡಿ.

3. ಮೂರು ಕಾಲಮ್ಮಿನ ಪಟ್ಟಿ

ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ ಎಳೆಯಿರಿ. ಬಿಚ್ಚುವ ಭಾಗ, ಅದಕ್ಕೆ ಬೇಕಾದ ಉಪಕರಣ, ಮತ್ತೆ ಕೂರಿಸುವಾಗ ಬೇಕಾದ ಹೊಸ ಸಾಮಾನು. ಈಗ ಮ್ಯಾನುಯಲ್ಲನ್ನು ಸಾಲುಸಾಲಾಗಿ ಓದುತ್ತಾ ತುಂಬಿಸುತ್ತಾ ಹೋಗಿ. ಬೇಸರದ ಕೆಲಸ, ನಿಜ. ಆದರೆ ಇಲ್ಲಿ ಕಳೆಯುವ ಒಂದು ಸಂಜೆ ಮುಂದೆ ಎರಡು ದಿನ ಉಳಿಸುತ್ತದೆ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಉರಿದ ಅನಿಲ ಹೊರಗೆ ಹೋಗುವ ಕೊಳವೆಗಳು) ಎಂದು ಬರೆದಿರಿ ಅಂದುಕೊಳ್ಳಿ. ಎದುರಿಗೆ ಸಾಕೆಟ್ಟಿನ ಅಳತೆ, ತುಕ್ಕು ಬಿಡಿಸುವ ಎಣ್ಣೆ, ಉದ್ದನೆಯ ಹಿಡಿ ಬರುತ್ತವೆ. ಮೂರನೇ ಕಾಲಮ್ಮಿಗೆ ಹೊಸ ಗ್ಯಾಸ್ಕೆಟ್, ಹೊಸ ನಟ್ಟುಗಳು, ಜೊತೆಗೆ ಒಂದೆರಡು ಸ್ಟಡ್ (ತಲೆಯಿಲ್ಲದ ಬೋಲ್ಟು). ಬಿಸಿ-ತಣ್ಣಗಾಗಿ ವರ್ಷಗಟ್ಟಲೆ ಬೆಂದ ಸ್ಟಡ್ಡುಗಳು ತುಂಡಾಗುವುದು ಮಾಮೂಲಿ. ಕೂಲಂಟ್ ಹೋಸ್ ಎಂದು ಬರೆದರೆ ಕ್ಲಿಪ್ ಹಿಡಿಯುವ ಇಕ್ಕಳ, ಕೂಲಂಟ್ ಹಿಡಿಯಲು ಅಗಲ ಪಾತ್ರೆ, ಹೊಸ ಕೂಲಂಟ್. ಬಿಚ್ಚಿದ ಪ್ರತಿ ಜೋಡಣೆಗೂ ಒಂದು ಗ್ಯಾಸ್ಕೆಟ್, ರಬ್ಬರ್ ಉಂಗುರ ಅಥವಾ ವಾಷರ್ ಇರುತ್ತದೆ ಎಂದೇ ಹುಡುಕಿ.

ಹೆಡ್ ಬೋಲ್ಟುಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಈಗಿನ ಬಹಳಷ್ಟು ಎಂಜಿನ್ನುಗಳಲ್ಲಿ ಬಿಗಿ ಮಾಡುವಾಗ ಬೋಲ್ಟು ಒಂದಿಷ್ಟು ಹಿಗ್ಗಬೇಕು ಎಂದೇ ಲೆಕ್ಕ ಹಾಕಿರುತ್ತಾರೆ. ಹಾಗೆ ಹಿಗ್ಗಿದ ಬೋಲ್ಟಿನ ಎಳೆತ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಆದರೆ ಅದು ಮತ್ತೆ ಮೊದಲಿನ ಉದ್ದಕ್ಕೆ ಬರುವುದಿಲ್ಲ. ಎರಡನೇ ಸಲ ಹಾಕಿದರೆ ಹಿಡಿತ ಕಡಿಮೆಯಾಗಬಹುದು, ಬಿಗಿ ಮಾಡುವಾಗಲೇ ಮುರಿಯಲೂಬಹುದು. ನೋಡುವುದಕ್ಕೆ ಹೊಸದರಂತೆಯೇ ಇರುತ್ತದೆ, ಅಲ್ವಾ? ಅದೇ ಮೋಸ. ಮ್ಯಾನುಯಲ್ ಬದಲಿಸಿ ಎಂದಿದ್ದರೆ ಪೂರ್ತಿ ಸೆಟ್ ಬದಲಿಸಿ.

ಡೀಸೆಲ್ ಕಾರಿನವರಿಗೆ ಇನ್ನೊಂದು ಎಚ್ಚರಿಕೆ. ಹಲವು ಡೀಸೆಲ್ ಎಂಜಿನ್ನುಗಳಿಗೆ ಹೆಡ್ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಚಾಚುತ್ತದೆ ಎಂಬುದರ ಮೇಲೆ ದಪ್ಪ ನಿರ್ಧಾರವಾಗುತ್ತದೆ. ಗ್ಯಾಸ್ಕೆಟ್ಟಿನ ಅಂಚಿನಲ್ಲಿರುವ ತೂತು ಅಥವಾ ಕಚ್ಚುಗಳ ಸಂಖ್ಯೆಯೇ ಅದರ ಗುರುತು. ಇಂಥ ಎಂಜಿನ್ನಿಗೆ ಗ್ಯಾಸ್ಕೆಟ್ ಮುಂಚೆಯೇ ಕೊಂಡಿಡುವುದು ಸರಿಯಲ್ಲ. ಹಳೆಯದನ್ನು ನೋಡಿ, ಮ್ಯಾನುಯಲ್ ಹೇಳಿದ್ದರೆ ಅಳೆದು, ಆಮೇಲೆ ತರಿಸಿ.

ಪಟ್ಟಿ ಬರೆಯುವಾಗ ಆಸೆ ಹುಟ್ಟುತ್ತದೆ. ಹೇಗೂ ಬಿಚ್ಚುತ್ತೇವಲ್ಲ, ಅದನ್ನೂ ಹಾಕಿಬಿಡೋಣ, ಇದನ್ನೂ ಹಾಕಿಬಿಡೋಣ. ನಾನು ಇಟ್ಟುಕೊಂಡಿರುವ ಅಳತೆ ಇಷ್ಟು: ಮುಂದೆ ಯಾವತ್ತಾದರೂ ಆ ಭಾಗ ಕೆಟ್ಟರೆ ಇದೇ ಬಿಚ್ಚುವ ಕೆಲಸ ಮತ್ತೆ ಮಾಡಬೇಕಾ? ಹೌದಾದರೆ ಈಗಲೇ ಹಾಕಿ. ಟೈಮಿಂಗ್ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್, ಥರ್ಮೋಸ್ಟಾಟ್, ಬಿರುಕು ಬಿಟ್ಟ ಹೋಸ್ ಈ ಸಾಲಿಗೆ ಸೇರುತ್ತವೆ. ಚೆನ್ನಾಗಿ ಓಡುತ್ತಿರುವ ಆಲ್ಟರ್ನೇಟರ್ ಸೇರುವುದಿಲ್ಲ.

4. ಉಪಕರಣ: ಕಡಿಮೆ ಇರಲಿ, ಸರಿಯಾದದ್ದಿರಲಿ

ಜಪಾನ್ ಮೂಲದ ಎಂಜಿನ್ನುಗಳಲ್ಲಿ 10, 12, 14, 17, 19 ಮಿಲಿಮೀಟರ್ ತಲೆಗಳು ಹೆಚ್ಚು. ಯುರೋಪಿನವುಗಳಲ್ಲಿ 10ರ ಜೊತೆ 13, 15, 16, 18 ಮತ್ತು ನಕ್ಷತ್ರ ತಲೆಯ ಬೋಲ್ಟುಗಳು ಸಿಗುತ್ತವೆ. ಸಾಕೆಟ್ ಕೊಳ್ಳುವಾಗ ಆರು ಮೂಲೆಯದನ್ನೇ ಆರಿಸಿ. ಹನ್ನೆರಡು ಮೂಲೆಯದು ಗಟ್ಟಿ ಹಿಡಿದ ಬೋಲ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಕೆಲವು ಎಂಜಿನ್ನುಗಳ ಹೆಡ್ ಬೋಲ್ಟಿಗೆ ಹನ್ನೆರಡು ಹಲ್ಲಿನ ವಿಶೇಷ ಬಿಟ್ ಬೇಕು, ಅದನ್ನು ಮ್ಯಾನುಯಲ್ಲಿನಲ್ಲಿ ನೋಡಿಕೊಳ್ಳಿ. ಉದ್ದ ಮತ್ತು ಗಿಡ್ಡ ಎಕ್ಸ್‌ಟೆನ್ಷನ್, ಬಳುಕುವ ಜಾಯಿಂಟ್, ಉದ್ದ ಹಿಡಿಯ ಬ್ರೇಕರ್ ಬಾರ್, ಬಿದ್ದ ನಟ್ಟು ಎತ್ತಲು ಅಯಸ್ಕಾಂತದ ಕಡ್ಡಿ. ಕೊನೆಯದು ಆಟಿಕೆಯಂತೆ ಕಂಡರೂ ಅತಿ ಹೆಚ್ಚು ಸಲ ಕೈಗೆ ಬರುವುದು ಅದೇ.

ದುಡ್ಡು ಹಾಕಬೇಕಾದ ಜಾಗ ಟಾರ್ಕ್ ರೆಂಚ್, ಅಂದರೆ ಬೋಲ್ಟನ್ನು ಇಂತಿಷ್ಟೇ ಎಂದು ಅಳೆದು ಬಿಗಿ ಮಾಡುವ ರೆಂಚು. ಒಂದೇ ಇದ್ದರೆ ಸಾಲದು. ಟಕ್ ಎನ್ನುವ ಬಗೆಯ ರೆಂಚಿನ ನಿಖರತೆ ಸಾಮಾನ್ಯವಾಗಿ ಶೇ 4ರಷ್ಟು ಆಚೀಚೆ ಇರುತ್ತದೆ, ಅದೂ ಅಳತೆಯ ಮೇಲಿನ ಭಾಗದಲ್ಲಿ. ಗರಿಷ್ಠದ ಶೇ 20ಕ್ಕಿಂತ ಕೆಳಗೆ ಅದನ್ನು ನಂಬುವಂತಿಲ್ಲ. 200 ನ್ಯೂಟನ್ ಮೀಟರಿನ ರೆಂಚು ಹಿಡಿದು ವಾಲ್ವ್ ಕವರಿನ 10 ನ್ಯೂಟನ್ ಮೀಟರಿನ ಬೋಲ್ಟು ಬಿಗಿ ಮಾಡಹೊರಟರೆ ಅಲ್ಯೂಮಿನಿಯಮ್ಮಿನ ಮರೆ (ಥ್ರೆಡ್) ಕಿತ್ತುಬರುತ್ತದೆ. ಚಿಕ್ಕದೊಂದು, ದೊಡ್ಡದೊಂದು ಬೇಕು. ಮ್ಯಾನುಯಲ್ಲಿನಲ್ಲಿ ಯಾವ ಮಾನದಲ್ಲಿ ಕೊಟ್ಟಿದ್ದಾರೆ ಎಂದೂ ನೋಡಿ. 1 ಕಿಲೊಗ್ರಾಂ ಮೀಟರ್ ಎಂದರೆ ಸುಮಾರು 9.8 ನ್ಯೂಟನ್ ಮೀಟರ್, 1 ಫುಟ್ ಪೌಂಡ್ ಎಂದರೆ ಸುಮಾರು 1.36. ಎಲ್ಲವನ್ನೂ ಒಂದೇ ಮಾನಕ್ಕೆ ತಿರುಗಿಸಿ ಪಟ್ಟಿಯಲ್ಲೇ ಬರೆದಿಡಿ, ಎಣ್ಣೆ ಹತ್ತಿದ ಕೈಯಲ್ಲಿ ಲೆಕ್ಕ ಮಾಡುವುದು ಬೇಡ.

ಹಿಗ್ಗುವ ಬೋಲ್ಟುಗಳಿಗೆ ಮೊದಲು ಇಂತಿಷ್ಟು ಟಾರ್ಕ್, ಆಮೇಲೆ 90 ಡಿಗ್ರಿ ತಿರುಗಿಸಿ, ಮತ್ತೆ 90 ಡಿಗ್ರಿ ಎಂಬಂಥ ಸೂಚನೆ ಇರುತ್ತದೆ. ಅದಕ್ಕೆ ಕೋನ ತೋರಿಸುವ ಗೇಜ್ ಬೇಕು. ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ) ಮತ್ತು ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್ನುಗಳು ಎಂಜಿನ್ನಿಂದ ಎಂಜಿನ್ನಿಗೆ ಬೇರೆ. ಇವೆರಡರ ಹೊಂದಾಣಿಕೆ, ಅಂದರೆ ಟೈಮಿಂಗ್, ತಪ್ಪಿ ಕೂತರೆ ಬಹಳಷ್ಟು ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ, ಹಾಗಾಗಿ ಇದರಲ್ಲಿ ಜುಗಾಡ್ ಬೇಡ.

ಹೆಡ್ ಸಮತಟ್ಟಾಗಿದೆಯೇ ನೋಡಲು ನಿಖರವಾದ ಉಕ್ಕಿನ ನೇರ ಪಟ್ಟಿ ಮತ್ತು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳ ಕಟ್ಟು). ಹಲವು ಎಂಜಿನ್ನುಗಳಲ್ಲಿ 0.05ರಿಂದ 0.1 ಮಿಲಿಮೀಟರ್ ಒಳಗಿನ ಡೊಂಕಿಗೆ ಮಾತ್ರ ಅವಕಾಶ. ಶಾಲೆಯ ಸ್ಕೇಲಿನಲ್ಲಿ ಇದು ಕಾಣುವುದಿಲ್ಲ. ಹಳೆ ಗ್ಯಾಸ್ಕೆಟ್ ಕೆರೆಯಲು ಪ್ಲಾಸ್ಟಿಕ್ ಅಲಗು ತನ್ನಿ. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುವ ಡಿಸ್ಕ್ ತರಬೇಡಿ. ಅದರ ಪುಡಿ ಎಣ್ಣೆಗೆ ಸೇರಿದರೆ ಬೇರಿಂಗುಗಳನ್ನು ತಿಂದುಹಾಕುತ್ತದೆ. ಬ್ಲಾಕಿನ ಬೋಲ್ಟು ತೂತುಗಳನ್ನು ಶುಚಿ ಮಾಡಲು ಥ್ರೆಡ್ ಚೇಸರ್ ಮತ್ತು ಗಾಳಿ ಊದುವ ವ್ಯವಸ್ಥೆಯೂ ಇರಲಿ. ತಳ ಮುಚ್ಚಿರುವ ಕುರುಡು ತೂತಿನಲ್ಲಿ ಎಣ್ಣೆ, ಕೂಲಂಟ್ ನಿಂತಿದ್ದು ಮೇಲಿಂದ ಬೋಲ್ಟು ಬಿಗಿ ಮಾಡಿದರೆ ದ್ರವಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕೇ ಬಿರುಕು ಬಿಡಬಹುದು.

5. ದ್ರವ, ಅಂಟು, ಸುರಕ್ಷತೆ

ಕೂಲಂಟನ್ನು ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅರ್ಥವಿಲ್ಲ. ಮ್ಯಾನುಯಲ್ ಹೇಳಿದ ದರ್ಜೆಯದನ್ನೇ ತನ್ನಿ, ಬೆರೆಸಿಕೊಳ್ಳುವ ಬಗೆಯಾದರೆ ಡಿಸ್ಟಿಲ್ಡ್ ನೀರೂ ಬೇಕು. ಹಳೆ ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ತೆರೆದ ಪಾತ್ರೆಯಲ್ಲಿ ಬಿಟ್ಟರೆ ನಾಯಿ, ಬೆಕ್ಕು ನೆಕ್ಕುತ್ತವೆ, ಮಕ್ಕಳೂ ಕೈ ಹಾಕಬಹುದು. ಮುಚ್ಚಳವಿರುವ ಡಬ್ಬಿ ಎದುರಿಗೇ ಇರಲಿ. ಸಿಲಿಕೋನ್ ಅಂಟಿನ ಟ್ಯೂಬಿನ ಮೇಲಿನ ಅವಧಿ ನೋಡಿ. ಎಲ್ಲಿ ಹಚ್ಚಬೇಕೆಂದು ಮ್ಯಾನುಯಲ್ ಹೇಳುತ್ತದೋ ಅಲ್ಲಿ ಮಾತ್ರ ಹಚ್ಚಿ.

ಕಾರಿನ ಕೆಳಗೆ ಹೋಗುವುದಿದ್ದರೆ ಸ್ಟ್ಯಾಂಡ್ ಇಲ್ಲದೆ ಹೋಗಬೇಡಿ. ಜಾಕ್ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಚಕ್ರಕ್ಕೆ ಅಡ್ಡ, ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸ್, ಪೆಟ್ರೋಲ್ ಬೆಂಕಿ ನಂದಿಸುವ ಎಕ್ಸ್‌ಟಿಂಗ್ವಿಷರ್.

6. ಲೇತಿನವರ ಹತ್ತಿರ ಮುಂಚೆಯೇ ಮಾತಾಡಿ

ಕಾದ ಎಂಜಿನ್ನಿನ ಅಲ್ಯೂಮಿನಿಯಮ್ ಹೆಡ್ ಡೊಂಕಾಗಿರುವ ಸಾಧ್ಯತೆ ಜಾಸ್ತಿ. ಆಗ ಅದನ್ನು ಲೇತಿನವರ ಹತ್ತಿರ ಫೇಸಿಂಗ್ (ಮೇಲ್ಮೈ ಸಮತಟ್ಟು) ಮಾಡಿಸಬೇಕು, ಬಿರುಕಿದೆಯೇ ಎಂದು ಒತ್ತಡ ಹಾಕಿ ನೋಡಿಸಬೇಕು. ಎಷ್ಟು ದಿನ ಹಿಡಿಯುತ್ತದೆ ಎಂದು ಮೊದಲೇ ಕೇಳಿ, ಆ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿ. ಹೆಡ್ಡಿನ ಕನಿಷ್ಠ ಎತ್ತರ ಎಷ್ಟಿರಬೇಕೆಂದು ಮ್ಯಾನುಯಲ್ಲಿನಿಂದ ಬರೆದುಕೊಂಡು ಹೋಗಿ.

7. ಬಂದ ಸಾಮಾನನ್ನು ಬಿಚ್ಚಿ ನೋಡಿ

ಪೊಟ್ಟಣ ಬಂದ ದಿನವೇ ತೆರೆಯಿರಿ. ಪಾರ್ಟ್ ನಂಬರು ತಾಳೆ ನೋಡಿ, ಬೋಲ್ಟುಗಳನ್ನು ಎಣಿಸಿ. ಗ್ಯಾಸ್ಕೆಟ್ಟನ್ನು ನೋಡಿದ ಮೇಲೆ ಮತ್ತೆ ಕವರಿನಲ್ಲೇ ಚಪ್ಪಟೆಯಾಗಿ ಮಲಗಿಸಿಡಿ. ಮಡಿಸಿದ, ಗೀರು ಬಿದ್ದ ಗ್ಯಾಸ್ಕೆಟ್ ಹಾಕುವಂತಿಲ್ಲ. ಯಾವ ಮುಖ ಮೇಲೆ ಎಂಬ ಗುರುತು ಸಾಮಾನ್ಯವಾಗಿ ಅದರ ಮೇಲೇ ಇರುತ್ತದೆ, ಈಗಲೇ ಹುಡುಕಿಟ್ಟುಕೊಳ್ಳಿ.

8. ಹಿಂದಿನ ದಿನ

ಎಕ್ಸಾಸ್ಟಿನ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬಿಸಿ ಇದ್ದಾಗ ಹೆಡ್ ಬೋಲ್ಟು ಸಡಿಲಿಸಿದರೆ ಹೆಡ್ ಡೊಂಕಾಗುತ್ತದೆ. ಬಾನೆಟ್ ಎತ್ತಿ ಎಲ್ಲ ಕೋನದಿಂದಲೂ ಫೋಟೊ ತೆಗೆಯಿರಿ. ವೈರಿನ ಕನೆಕ್ಟರುಗಳಿಗೆ ನಂಬರ್ ಹಾಕಲು ಟೇಪ್ ಮತ್ತು ಪೆನ್, ಬೋಲ್ಟು ಹಾಕಲು ಜಿಪ್ ಚೀಲಗಳು. ಎಂಜಿನ್ನಿನ ಒಂದೇ ಕವರಿನ ಬೋಲ್ಟುಗಳಲ್ಲೂ ಉದ್ದ ಬೇರೆ ಬೇರೆ ಇದ್ದರೆ ರಟ್ಟಿನ ಮೇಲೆ ಆ ಕವರಿನ ಚಿತ್ರ ಬರೆದು, ತೂತು ಮಾಡಿ, ಅದೇ ಜಾಗಕ್ಕೆ ಚುಚ್ಚಿಡಿ.

ಕೊನೆಯದಾಗಿ ಎಂಜಿನ್ ಎಣ್ಣೆ ಮತ್ತು ಫಿಲ್ಟರ್. ಎರಡು ಸಲಕ್ಕೆ ಆಗುವಷ್ಟು ತನ್ನಿ. ಎಣ್ಣೆಗೆ ಕೂಲಂಟ್ ಸೇರಿದ್ದ ಎಂಜಿನ್ನಿನಲ್ಲಿ ಎಷ್ಟು ಸೋಸಿ ತೆಗೆದರೂ ಒಳಗೆ ಸ್ವಲ್ಪ ಉಳಿದಿರುತ್ತದೆ. ಮೊದಲ ಸಲ ಹಾಕಿದ ಎಣ್ಣೆಯಲ್ಲಿ ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಅದನ್ನು ಫಿಲ್ಟರ್ ಸಮೇತ ತೆಗೆದು, ಎರಡನೆಯದನ್ನು ತುಂಬಿಸಿ.