ಒಂದೇ ತೋಟದ ಕಾಫಿ ರುಚಿ ನೋಡುದು ಹೇಗೆ: ಎರಡು ಪ್ಯಾಕೆಟ್, ಎರಡು ಗ್ಲಾಸು ಸಾಕು

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಕಾಪಿ ಅಂದ್ರೆ ಬೆಳಿಗ್ಗಿನ ತಿಂಡಿಯೂ ಅದ್ರಲ್ಲೇ ಸೇರಿತು, ಕುಡಿಯುವ ಕಾಫಿಯ ಬಗ್ಗೆ ತಲೆ ಹಾಕಿದವರು ಕಮ್ಮಿ. ಅಂಗಡಿಯಿಂದ ಚಿಕೋರಿ (ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ) ಸೇರಿದ ಕಾಫಿಪುಡಿ ತಂದು ಹಾಲು ಬೆಲ್ಲ ಹಾಕಿ ಕುಡಿದೇ ಅಭ್ಯಾಸ, ಆ ಪುಡಿಯಲ್ಲಿ 49 ಪರ್ಸೆಂಟ್‌ವರೆಗೆ ಚಿಕೋರಿ ಹಾಕ್ಲಿಕ್ಕೆ ಕಾನೂನಲ್ಲೇ ಜಾಗ ಉಂಟು. ಈಗ ಬೆಂಗಳೂರಲ್ಲಿರುವ ಮಕ್ಕಳು ಊರಿಗೆ ಬರುವಾಗ ಸಿಂಗಲ್ ಒರಿಜಿನ್ ಅಂತ ಬರೆದ ದುಬಾರಿ ಪ್ಯಾಕೆಟ್ ತಂದು ಕೊಡ್ತಾರೆ, ನಾವು ಅದಕ್ಕೂ ಹಾಲು ಸುರಿದು ಕುದಿಸಿ ಇದ್ರಲ್ಲಿ ಎಂತ ವಿಶೇಷ ಅಂತ ಕೇಳ್ತೇವೆ. ವಿಶೇಷ ಉಂಟು ಮಾರಾಯ್ರೆ. ಆದ್ರೆ ಒಂದನ್ನೇ ಕುಡಿದ್ರೆ ಗೊತ್ತಾಗುದಿಲ್ಲ, ಎರಡನ್ನು ಪಕ್ಕಪಕ್ಕ ಇಟ್ಟು ಕುಡಿಬೇಕು, ಮತ್ತೆ ರುಚಿಯ ಹೆಸರು ನಮ್ಮ ಹಿತ್ತಿಲಿಂದಲೇ ಹುಡುಕ್ಬೇಕು.

ಸಿಂಗಲ್ ಒರಿಜಿನ್ ಅಂದ್ರೆ ಒಂದೇ ಪ್ರದೇಶದ್ದು, ಇನ್ನೂ ಒಳ್ಳೇದಾದ್ರೆ ಒಂದೇ ತೋಟದ್ದು, ಬೇರೆ ಊರಿನ ಬೀಜ ಬೆರೆಸದ್ದು. ಅದ್ರಿಂದ ಎಂತ ಲಾಭ ಅಂತ ಕೇಳಿದ್ರೆ ಪನಾಮಾದ ಬೊಕೆಟೆ ಊರಿನ ಪೀಟರ್‌ಸನ್ ಮನೆಯವರ ಕಥೆ ಸಾಕು. ಅವರು ಎಸ್ಮೆರಾಲ್ಡಾ ತೋಟದ ಒಂದೊಂದು ಭಾಗದ ಬೆಳೆಯನ್ನು ಬೇರೆ ಬೇರೆ ಇಟ್ಟು ಕುಡಿದು ನೋಡಿದಾಗ ಒಂದು ಭಾಗದ್ದು ಮಾತ್ರ ಹೂವಿನ ಹಾಗೆ ಪರಿಮಳ ಬಂತು, ಅದು ಇಥಿಯೋಪಿಯಾ ಮೂಲದ ಗೇಶಾ ತಳಿ, ಪನಾಮಾದ 2004ರ ಕಾಫಿ ಸ್ಪರ್ಧೆಯಲ್ಲಿ ಅದೇ ಗೆದ್ದದ್ದು. ಅಲ್ಲಿವರೆಗೆ ಅದು ಎಲ್ಲ ಬೀಜದ ಒಟ್ಟಿಗೆ ಒಂದೇ ರಾಶಿಗೆ ಹೋಗ್ತಿತ್ತು.

ಪ್ಯಾಕೆಟ್ ತೆಗೊಳ್ಳುವಾಗ ಮೊದಲು ಹುರಿದ ತಾರೀಕು ನೋಡಿ, ಅದಿಲ್ಲದಿದ್ರೆ ಬಿಡಿ. ಮತ್ತೆ ತೋಟದ ಹೆಸರು, ಎಷ್ಟು ಮೀಟರ್ ಎತ್ತರ, ತಳಿ, ಸಂಸ್ಕರಣೆ (ಹಣ್ಣಿನಿಂದ ಬೀಜ ತೆಗೆದು ಒಣಗಿಸಿದ ಕ್ರಮ). ತಳಿಯಲ್ಲಿ ಎಸ್ 795 ಅಂತ ತುಂಬ ಕಡೆ ಕಾಣ್ತದೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ್ದು, ಹಳೇದು, ನಂಬಿಕಸ್ಥ ತಳಿ. ಅಲ್ಲಿಂದಲೇ 2007ರಲ್ಲಿ ಬಂದ ಒಂದು ತಳಿಯ ಹೆಸರು ಚಂದ್ರಗಿರಿ, ನಮ್ಮ ಹೊಳೆಯ ಹೆಸರೇ, ನಾನಂತೂ ಆ ಹೆಸರು ನೋಡಿಯೇ ಮೊದಲ ಪ್ಯಾಕೆಟ್ ತೆಗೊಂಡದ್ದು. ಇಥಿಯೋಪಿಯಾ, ಕೀನ್ಯಾದ್ದು ಆಮದು ಸುಂಕ ಸೇರಿ ಭಾರಿ ರೇಟು, ಅದು ಆಮೇಲೆ ನೋಡುವ. ಚಿಕ್ಕಮಗಳೂರು, ಕೊಡಗು, ಬಾಬಾಬುಡನ್‌ಗಿರಿ, ಆಂಧ್ರದ ಅರಕು ಅರೇಬಿಕಾಕ್ಕೂ ನಮ್ಮ ವಯನಾಡಿನ ರೋಬಸ್ಟಾಕ್ಕೂ (ಇವೆರಡು ಕಾಫಿ ಗಿಡದ ಜಾತಿ) 2019ರಲ್ಲಿ ಜಿಐ, ಅಂದ್ರೆ ಇದು ಈ ಊರಿನದ್ದೇ ಅಂತ ಹೇಳುವ ಸರಕಾರಿ ಗುರುತು, ಸಿಕ್ಕಿದೆ, ಕಲೀಲಿಕ್ಕೆ ಇಷ್ಟು ಧಾರಾಳ. ಮೊದಲ ಜೋಡಿಗೆ ನನ್ನ ಸಲಹೆ: ಒಂದೇ ತೋಟದ ವಾಶ್ಡ್ ಒಂದು, ನ್ಯಾಚುರಲ್ ಒಂದು.

ಇವೆರಡರ ವ್ಯತ್ಯಾಸ ಅಡಿಕೆ ಕೊಕ್ಕೋ ಮಾಡುವವರಿಗೆ ಬೇಗ ಅರ್ಥ ಆಗ್ತದೆ. ನ್ಯಾಚುರಲ್ ಅಂದ್ರೆ ನಾವು ಅಡಿಕೆಯನ್ನು ಅಂಗಳದಲ್ಲಿ ಸಿಪ್ಪೆ ಸಮೇತ ಒಣಗಿಸಿದ ಹಾಗೆ, ಕಾಫಿ ಹಣ್ಣನ್ನು ಇಡೀ ಒಣಗಿಸುದು, ದಿನಾ ಮಗುಚ್ತಾ ಇರ್ಬೇಕು, ಒಂದು ಮಳೆ ಬಿದ್ರೆ ಬೂಸ್ಟು ಬಂದು ಕೆಟ್ಟಿತು, ಸರಿ ಒಣಗಿದ್ರೆ ಹಣ್ಣಿನ ಸಿಹಿ, ಸ್ವಲ್ಪ ಹುದುಗಿದ ಪರಿಮಳ ಬೀಜಕ್ಕೆ ಇಳೀತದೆ. ವಾಶ್ಡ್‌ನಲ್ಲಿ ಸಿಪ್ಪೆ ತೆಗೆದು, ಕೊಕ್ಕೋ ಬೀಜದ ಸುತ್ತ ಇರುವಂಥದ್ದೇ ಲೋಳೆಯನ್ನು ಹುದುಗಿಸಿ ತೊಳೆದು ಆಮೇಲೆ ಒಣಗಿಸುದು, ರುಚಿ ಸ್ವಚ್ಛ, ಹುಳಿ ಸ್ಪಷ್ಟ. ಲೋಳೆ ಸ್ವಲ್ಪ ಬಿಟ್ಟು ಒಣಗಿಸಿದ್ದಕ್ಕೆ ಇಂಗ್ಲಿಷಿನಲ್ಲಿ ಹನಿ (honey) ಅಂತ ಹೇಳ್ತಾರೆ, ಅದ್ರಲ್ಲಿ ಜೇನು ಎಂತದ್ದೂ ಇಲ್ಲ.

ಈಗ ಮಾಡುವ ಕ್ರಮ. ಬೀಜವನ್ನೇ ತನ್ನಿ, ಕುಡಿಯುವ ಹೊತ್ತಿಗೆ ಪುಡಿ ಮಾಡಿ. ಗ್ರೈಂಡರ್ ಇಲ್ಲದಿದ್ರೆ ಮಿಕ್ಸಿಯ ಸಣ್ಣ ಜಾರಿನಲ್ಲಿ ಎರಡೆರಡು ಸೆಕೆಂಡು ಬಿಟ್ಟು ಬಿಟ್ಟು ತಿರುಗಿಸಿ, ಜಾರು ಬಿಸಿ ಆಗ್ಬಾರ್ದು, ಪುಡಿ ರವೆಯ ಹಾಗೆ ತರಿತರಿ ಸಾಕು, ಮಸಾಲೆ ವಾಸನೆ ಇರುವ ಜಾರು ಮಾತ್ರ ಬೇಡವೇ ಬೇಡ. ನೀರಿಗೆ ನಮ್ಮಲ್ಲಿ ಭಾಗ್ಯ ಉಂಟು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಮೆದು, ಕಾಫಿಯ ಹುಳಿಯನ್ನು ಅದುಮುದಿಲ್ಲ, ಕಡಲ ಕರೆಯ ಉಪ್ಪುನೀರಿನ ಬಾವಿಯವರು ಮಾತ್ರ ಬೇರೆ ನೀರು ಹುಡುಕ್ಬೇಕು. ಒಂದೇ ಅಳತೆಯ ಎರಡು ಗಾಜಿನ ಗ್ಲಾಸಿಗೆ ತಲಾ 11 ಗ್ರಾಂ ಪುಡಿ ಹಾಕಿ ಒಣಪುಡಿಯನ್ನೇ ಮೊದಲು ಮೂಸಿ ನೋಡಿ. ನೀರು ಕುದಿದ ಮೇಲೆ ಒಂದು ನಿಮಿಷ ಬಿಟ್ಟು 200 ಎಂಎಲ್ ಎರೆಯಿರಿ, ಕಲಕ್ಬೇಡಿ, 4 ನಿಮಿಷ ಬಿಡಿ. ಮೇಲೆ ಪುಡಿಯ ಕೆನೆ ಕಟ್ಟಿರ್ತದೆ, ಅದನ್ನು ಚಮಚದಲ್ಲಿ ಒಡೆಯುವಾಗ ಮೂಗು ಗ್ಲಾಸಿನ ಹತ್ತಿರವೇ ಇರ್ಲಿ, ಪರಿಮಳ ಹೆಚ್ಚು ಸಿಗುದು ಆಗಲೇ. ನೊರೆ ತೆಗೆದು ಬಿಸಾಡಿ, ಪುಡಿ ಅಡಿಗೆ ಕೂತು ಹತ್ತು ನಿಮಿಷ ಆದ ಮೇಲೆ ಚಮಚದಲ್ಲಿ ಸುರ್ರಂತ ಶಬ್ದ ಬರುವ ಹಾಗೆ ಎಳೆಯಿರಿ, ನಾಲಗೆಗೆಲ್ಲ ಹರಡ್ಲಿಕ್ಕೆ ಹಾಗೆ ಮಾಡುದು. ಕಾಫಿಗೆ ನೂರರಲ್ಲಿ ಮಾರ್ಕ್ ಕೊಡುವ ಪರಿಣತರು ಕುಡಿಯುದೂ ಸುಮಾರು ಇದೇ ಕ್ರಮದಲ್ಲಿ, 80ರಿಂದ ಮೇಲೆ ಬಂದ್ರೆ ಸ್ಪೆಷಾಲಿಟಿ, ಅಂದ್ರೆ ಮೇಲ್ದರ್ಜೆಯ ಕಾಫಿ ಲೆಕ್ಕ. ಆರುವವರೆಗೆ ಒಂದು ಗ್ಲಾಸಿಂದ ಇನ್ನೊಂದಕ್ಕೆ ಹೋಗ್ತಾ ಇರಿ, ಬಿಸಿಯಲ್ಲಿ ಕಾಣದ ಹುಳಿ, ಸಿಹಿ ಉಗುರುಬೆಚ್ಚಗೆ ಆದಾಗ ಎದ್ದು ಬರ್ತದೆ.

ಪ್ಯಾಕೆಟ್ಟಿನಲ್ಲಿ ಬ್ಲಾಕ್‌ಕರಂಟ್, ಬರ್ಗಮಾಟ್ ಅಂತ ಬರೆದಿರ್ತಾರೆ, ನಾವು ಕಾಣದ ಹಣ್ಣು, ಅದನ್ನು ಹುಡುಕ್ಲಿಕ್ಕೆ ಹೋದ್ರೆ ಎಂತದೂ ಸಿಗುದಿಲ್ಲ, ನಮ್ಮ ನಾಲಗೆ ಸರಿ ಇಲ್ಲ ಅಂತ ಅನ್ನಿಸ್ತದೆ. ಒಂದಿನ ನಮ್ಮ ಅಮ್ಮನಿಗೆ ಎರಡು ಗ್ಲಾಸು ಕೊಟ್ಟೆ, ಯಾವುದು ಯಾವುದು ಅಂತ ಹೇಳ್ಲಿಲ್ಲ. ವಾಶ್ಡ್ ಕುಡಿದು "ಇದು ಹೇರಳೆ ಸಿಪ್ಪೆ ಚಿವುಟಿದ ಹಾಗೆ ಉಂಟಲ್ಲ" ಅಂದ್ರು, ನ್ಯಾಚುರಲ್ ಕುಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು "ಮಾಗಿದ ಹಲಸಿನ ಸೊಳೆ, ಅಡಿಯಲ್ಲಿ ಜೋನಿ ಬೆಲ್ಲ" ಅಂದ್ರು. ಅಷ್ಟು ಸರಿಯಾಗಿ ನನಗೇ ಹೇಳ್ಲಿಕ್ಕೆ ಬರ್ತಿರ್ಲಿಲ್ಲ. ಪುನರ್ಪುಳಿ, ಅಂಬಟೆ, ಬಿಂಬುಳಿ, ಕಾಟುಮಾವಿನ ಹಣ್ಣು ಅಂತ ಒಂದೊಂದು ಹುಳಿಯನ್ನೂ ಬೇರೆ ಬೇರೆ ಗುರುತಿಸುವ ನಾಲಗೆ ನಮ್ಮದು, ಆ ಹೆಸರಲ್ಲೇ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಮುಂದೆ ಯಾವಾಗಾದ್ರೂ ಕೀನ್ಯಾದ ಕಾಫಿ ಸಿಕ್ಕಿದ್ರೆ ಅದ್ರ ಪ್ರಸಿದ್ಧ ಬ್ಲಾಕ್‌ಕರಂಟಿಗೆ ಕುಂಟುನೇರಳೆ ನೆನಪು ಮಾಡಿ ನೋಡಿ, ಇಥಿಯೋಪಿಯಾದ ಯಿರ್ಗಚೆಫೆ ಊರಿನ ಕಾಫಿಗೆ ಮಲ್ಲಿಗೆ ಸಾಕು. ಕಪ್ಪಗೆ ಹುರಿದದ್ರಲ್ಲಿ ಇದೆಲ್ಲ ಸಿಗ್ಲಿಕ್ಕಿಲ್ಲ, ಊರಿನ ರುಚಿಯ ಮೇಲೆ ಹುರಿದ ಕಹಿ ಕೂತುಬಿಡ್ತದೆ, ಲೈಟ್ ಅಥವಾ ಮೀಡಿಯಂ ತೆಗೊಳ್ಳಿ.

ಮಳೆಗಾಲದಲ್ಲಿ ಜಾಗ್ರತೆ. ಒಂದು ಜುಲೈಯಲ್ಲಿ ನಾನು ಬೀಜವನ್ನು ಸಡಿಲ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು ಒಂದೇ ವಾರದಲ್ಲಿ ಗೋಣಿ ವಾಸನೆ ಬಂತು, ಇಡೀ ಪ್ಯಾಕೆಟ್ ಹಾಳು. ಬಿಗಿ ಮುಚ್ಚಳದ ಭರಣಿ, ಇಲ್ಲಾ ಜಿಪ್ ಇರುವ ಅದೇ ಪ್ಯಾಕೆಟ್ಟನ್ನು ಗಾಳಿ ತೆಗೆದು ಮುಚ್ಚಿಡಿ, ಒಂದು ತಿಂಗಳೊಳಗೆ ಮುಗಿಸಿ. ಇದೇ ಮಳೆಗಾಲದ ತೇವದ ಗಾಳಿಯನ್ನು ಬೇಕಂತಲೇ ಕುಡಿಸಿ ಮಾಡುವ ಕಾಫಿಯೂ ಉಂಟು, ಮಾನ್ಸೂನ್ಡ್ ಮಲಬಾರ್, ಇಲ್ಲೇ ಮಂಗಳೂರಿನ ಗೋದಾಮುಗಳಲ್ಲಿ ಆಗುದು. ಹುರಿಯದ ಹಸಿ ಬೀಜವನ್ನು ಜೂನ್‌ನಿಂದ ಸುಮಾರು 12-16 ವಾರ ಕಡಲ ಗಾಳಿಗೆ ಹರಡಿ, ಗೋಣಿಗೆ ತುಂಬಿ, ಮತ್ತೆ ಮತ್ತೆ ಮಗುಚಿ ಇಡ್ತಾರೆ, ಬೀಜ ಉಬ್ಬಿ ಹಸಿರು ಹೋಗಿ ಹಳದಿ ಆಗ್ತದೆ, ಹುಳಿ ಹೆಚ್ಚುಕಮ್ಮಿ ಪೂರ್ತಿ ಇಳಿದು ರುಚಿ ದಪ್ಪ ಆಗ್ತದೆ. ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಹೋಗುವಾಗ ದಾರಿಯಲ್ಲೇ ಹೀಗೆ ಆಗ್ತಿತ್ತು, ಆ ರುಚಿ ಅಭ್ಯಾಸ ಆದವರಿಗೋಸ್ಕರ ಶುರುವಾದ ಕ್ರಮ ಇದು, 2008ರಲ್ಲಿ ಜಿಐ ಕೂಡ ಬಂತು. ಎರಡನೇ ಜೋಡಿಗೆ ಇದನ್ನೇ ತನ್ನಿ, ಪಕ್ಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಅಟ್ಟಿಕಾನ್ ತೋಟದ್ದು ಇಡಿ. ಹಾಲು ಬೇಕೇ ಬೇಕು ಅಂತ ಹೇಳುವವರಿಗೆ ಮಾನ್ಸೂನ್ಡ್‌ನದ್ದೇ ಡಿಕಾಕ್ಷನ್ ತೆಗೆದು ಕೊಡಿ, ಅದು ಹಾಲಿಗೆ ಚಂದ ಹೊಂದ್ತದೆ.