ನನ್ನ ಅನುಭವ: ಗ್ಯಾಸ್ಟ್ರಿಕ್ ಮಾತ್ರೆ ಬಿಟ್ಟು ಏಳು ತಿಂಗಳು

ಏಳು ತಿಂಗಳಾಯಿತು, ಗ್ಯಾಸ್ಟ್ರಿಕ್ ಮಾತ್ರೆ ಮುಟ್ಟಿಲ್ಲ. "ಬಿಟ್ಟು ನೋಡು, ವಾರದೊಳಗೆ ಮತ್ತೆ ಶುರು ಮಾಡ್ತೀಯ" ಅಂದಿದ್ದ ಅಣ್ಣ. ಮೊದಲ ಎರಡು ಸಲ ಅವನು ಹೇಳಿದಂತೆಯೇ ಆಯಿತು. ಮೂರನೇ ಸಲ ಗೆದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಎದೆಯುರಿ, ಹುಳಿತೇಗು ಎಂದರೇನು ಅಂತ ನಿಮಗೆ ವಿವರಿಸಬೇಕಿಲ್ಲ. ಎಂಡೋಸ್ಕೋಪಿ ಮಾಡಿಸಿ, ಹುಣ್ಣಿಲ್ಲ ಅಂತ ಖಾತ್ರಿಯಾದ ಮೇಲಿನ ಕತೆ ಇದು. ನುಂಗಲು ಕಷ್ಟವಾಗುವವರು, ಮಲ ಕಪ್ಪಾಗಿ ಹೋಗುವವರು, ಸುಮ್ಮನೆ ತೂಕ ಇಳಿಯುತ್ತಿರುವವರು ಇಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ.

ಸೋತದ್ದೇ ಜಾಸ್ತಿ. ಹೊಟ್ಟೆಯಲ್ಲಿ ಆಸಿಡ್ ಕಡಿಮೆ ಇರುವುದರಿಂದಲೇ ಉರಿ ಅನ್ನುವ ವಾದ ನಂಬಿ ಹತ್ತು ದಿನ ಆಪಲ್ ಸೈಡರ್ ವಿನೆಗರ್ ಕುಡಿದೆ. ಹಲ್ಲು ಜುಮ್ಮೆನ್ನತೊಡಗಿತು, ಗಂಟಲು ಕೆರೆಯಿತು. ಅದೇ ವಾದದ ಮೇಲೆ ಹೊಟ್ಟೆಗೆ ಆಸಿಡ್ ಸೇರಿಸುವ ಬೀಟೇನ್ ಹೈಡ್ರೋಕ್ಲೋರೈಡ್ ತಂದೆ. ಎರಡನೇ ಕ್ಯಾಪ್ಸೂಲ್ ನುಂಗಿದ ರಾತ್ರಿ ಸುಮಾರು 2 ಗಂಟೆಗೆ ಬಾಯಿತುಂಬ ಹುಳಿನೀರು ಬಂದು ಎದ್ದು ಕೂತವನು ಬೆಳಗಿನವರೆಗೆ ಗೋಡೆಗೊರಗಿಯೇ ಇದ್ದೆ. ತಂಪು ಅಂತ ತಂದ ಪುದೀನ ಎಣ್ಣೆ ಅನ್ನನಾಳದ ಕೆಳಗಿನ ಕವಾಟವನ್ನೇ ಸಡಿಲ ಮಾಡುತ್ತದೆ. ಮೀನೆಣ್ಣೆಯದು ದಿನವಿಡೀ ತೇಗು. ಜ್ಯೇಷ್ಠಮಧು ಪುಡಿ ಮಾತ್ರ ನಿಜಕ್ಕೂ ಹಿತ ಕೊಟ್ಟಿತು, ಆದರೆ ಮೂರು ವಾರಕ್ಕೆ ಬಿಪಿ 145ರ ಹತ್ತಿರ ಹೋಗಿತ್ತು. ಅದರಲ್ಲಿರುವ ಗ್ಲಿಸಿರೈಜಿನ್ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಗ್ಲಿಸಿರೈಜಿನ್ ತೆಗೆದ ಜ್ಯೇಷ್ಠಮಧು, ಅಂದರೆ ಡಿಜಿಎಲ್, ಬೇರೆಯೇ ಸರಕು ಅಂತ ತಿಳಿದದ್ದು ಆಮೇಲೆ. ಈ ಡಬ್ಬಿಗಳಿಗೆ ಸುರಿದ ದುಡ್ಡು ಎರಡು ತಿಂಗಳ ಮನೆ ಬಾಡಿಗೆಗೆ ಹತ್ತಿರ ಬಂತು. ಅರ್ಧಂಬರ್ಧ ಉಳಿದವನ್ನು ಎಸೆಯುವಾಗ ನಿಜಕ್ಕೂ ಸಂಕಟವಾಯಿತು.

ದಾರಿ ಸಿಕ್ಕಿದ್ದು ಒಂದು ನೋಟ್‌ಬುಕ್ಕಿನಿಂದ. ಏನು ತಿಂದೆ ಅಂತ ಎಲ್ಲರೂ ಬರೆಯುತ್ತಾರೆ. ನಾನು ಎಷ್ಟು ಹೊತ್ತಿಗೆ ತಿಂದೆ, ಎಷ್ಟು ಹೊತ್ತಿಗೆ ಮಲಗಿದೆ ಅಂತಲೂ ಬರೆದೆ. ಐದಾರು ವಾರದಲ್ಲಿ ಕಂಡದ್ದಿಷ್ಟು: ಮಧ್ಯಾಹ್ನದ ಟೊಮೆಟೊ ತಂಟೆ ಮಾಡಿರಲಿಲ್ಲ, ರಾತ್ರಿ ಹತ್ತಕ್ಕೆ ಉಂಡ ಬರೀ ಅನ್ನ ಸುಟ್ಟಿತ್ತು.

ಅಲ್ಲಿಂದ ರಾತ್ರಿಯೂಟ ಏಳರೊಳಗೆ, ನಿದ್ದೆ ಹತ್ತೂವರೆಗೆ. ಪ್ರಮಾಣ ಮೊದಲಿನ ಅರ್ಧ, ಜಿಡ್ಡು ಆದಷ್ಟು ಕಡಿಮೆ, ಏಕೆಂದರೆ ಕೊಬ್ಬಿನ ಊಟ ಜಠರದಿಂದ ಬೇಗ ಇಳಿಯುವುದಿಲ್ಲ. ಹೊಟ್ಟೆ ತುಂಬ ಉಣ್ಣುವುದು ಮಧ್ಯಾಹ್ನ. ಕಾಫಿ ಬಿಡಲಿಲ್ಲ, ಬೆಳಗಿನ ತಿಂಡಿಯ ನಂತರ ಒಂದೇ ಲೋಟ. ಎಡಮಗ್ಗುಲಲ್ಲಿ ಮಲಗುವುದು. ಮೊದಲು ಎರಡು ದಿಂಬು ಹಾಕಿ ಕೆಟ್ಟೆ, ಕುತ್ತಿಗೆ ಹಿಡಿಯಿತು, ಹೊಟ್ಟೆ ಮಡಚಿ ಉರಿ ಇನ್ನೂ ಹೆಚ್ಚಾಯಿತು. ಆಮೇಲೆ ಮಂಚದ ತಲೆಕಡೆಯ ಕಾಲುಗಳಡಿ ಮರದ ತುಂಡು ಇಟ್ಟೆ. ನಾಲ್ಕು ತಿಂಗಳಲ್ಲಿ ತೂಕ ಐದು ಕಿಲೋ ಇಳಿಯಿತು, ಅದರ ಪಾಲೂ ದೊಡ್ಡದು.

ರಾತ್ರಿ ಒಂಬತ್ತರ ಹಸಿವೇ ಎಲ್ಲರನ್ನೂ ಸೋಲಿಸುವುದು. ಅದಕ್ಕೆ ಸಂಜೆ ನಾಲ್ಕಕ್ಕೆ ಎರಡು ವಸ್ತು ಸೇರಿಸಿ ಏನೋ ತಿನ್ನುತ್ತೇನೆ. ಚೆನ್ನಾಗಿ ಹಿಡಿದಿದೆ, ಆದರೆ ಇನ್ನೆರಡು ತಿಂಗಳು ನೋಡದೆ ಅದರ ಹೆಸರು ಹೇಳಲಾರೆ.

ಮಾತ್ರೆ ಬಿಟ್ಟ ಕ್ರಮ ಮುಖ್ಯ. ನಾನು ನುಂಗುತ್ತಿದ್ದದ್ದು ಆಸಿಡ್ ತಡೆಯುವ ಪ್ಯಾಂಟೊಪ್ರಜೋಲ್, ಮೊದಲೆರಡು ಸಲ ಅದನ್ನು ಒಂದೇ ಏಟಿಗೆ ನಿಲ್ಲಿಸಿದ್ದೆ. ಇಷ್ಟು ದಿನ ತಡೆದಿಟ್ಟ ಆಸಿಡ್ ಆಗ ಕೆಲವು ವಾರ ಮೊದಲಿಗಿಂತ ಹೆಚ್ಚೇ ಸುರಿಯುತ್ತದೆ. ಅದನ್ನು ಕಾಯಿಲೆ ಮರಳಿತು ಅಂದುಕೊಂಡಿದ್ದೆ. ಮೂರನೇ ಸಲ ವೈದ್ಯರನ್ನು ಕೇಳಿಯೇ 40 ಮಿಲಿಗ್ರಾಮ್‌ನಿಂದ 20ಕ್ಕೆ, ಆಮೇಲೆ ದಿನ ಬಿಟ್ಟು ದಿನ, ಒಟ್ಟು ಎಂಟೊಂಬತ್ತು ವಾರ ಎಳೆದೆ. ನಡುವಿನ ಉರಿಗೆ ಸೋಡಿಯಂ ಆಲ್ಜಿನೇಟ್ ದ್ರವ, ಊಟದ ನಂತರ ಒಮ್ಮೆ, ಮಲಗುವಾಗ ಒಮ್ಮೆ. ಅದು ಜಠರದ ನೀರಿನ ಮೇಲೆ ಕೆನೆಯಂತೆ ತೇಲಿ ಮುಚ್ಚಳವಾಗುತ್ತದೆ. ನನಗೆ ಹಣಕ್ಕೆ ತಕ್ಕ ಕೆಲಸ ಮಾಡಿದ ಡಬ್ಬಿ ಅದೊಂದೇ.

ಈಗ ಉಳಿದಿರುವುದು ಇಸಬಗೋಲು ದಿನಕ್ಕೊಂದು ಚಮಚ, ಜೊತೆಗೆ ಬಿ12. ನಾಲ್ಕು ವರ್ಷ ಮಾತ್ರೆ ನುಂಗಿದ್ದಕ್ಕೆ ಬಿ12 ತಳ ಕಂಡಿತ್ತು, ಮೆಗ್ನೀಸಿಯಂ ಕೂಡ ಅಂಚಿನಲ್ಲಿತ್ತು. ವರ್ಷಗಟ್ಟಲೆ ನುಂಗುತ್ತಿರುವವರು ಇವೆರಡನ್ನೂ ಪರೀಕ್ಷೆ ಮಾಡಿಸಿ. ಮೆಗ್ನೀಸಿಯಂ ಆಕ್ಸೈಡ್ ತೆಗೆದುಕೊಂಡು ಎರಡು ದಿನ ಭೇದಿಯಾಯಿತು, ಗ್ಲೈಸಿನೇಟ್‌ಗೆ ಬದಲಿಸಿದ ಮೇಲೆ ಸರಿಹೋಯಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಊಟದ ನಂತರ ಅರ್ಧ ಗಂಟೆ ಚ್ಯೂಯಿಂಗ್ ಗಮ್ ಜಗಿಯುವುದು. ಜೊಲ್ಲು ಸುರಿದಷ್ಟೂ ಅನ್ನನಾಳ ತೊಳೆದುಹೋಗುತ್ತದೆ. ಚೆನ್ನಾಗಿಯೇ ನಡೆಯಿತು. ಪುದೀನದ್ದು ಮಾತ್ರ ಬೇಡ.

ಹೋದ ವಾರ ಅಣ್ಣ ಫೋನ್ ಮಾಡಿ ಮಂಚದ ಕೆಳಗಿನ ತುಂಡಿನ ಅಳತೆ ಕೇಳಿದ. ಏಳು ಅಂಗುಲ, ಕಾಲು ಜಾರದಂತೆ ನಡುವೆ ಒಂದು ಗುಳಿ ತೋಡಿಸು ಅಂದೆ.